ಹನ್ನೆರಡು ಬೋಲ್ಟು, ನಾಲ್ಕು ಬೋಲ್ಟು

"ಇದೆಂತ ಮಾರಾಯ್ತಿ, ಬಳೆಯ ಚಿತ್ರವಾ?"

ಸುರತ್ಕಲ್ ಕಡೆಯ ಒಂದು ಮನೆಯ ಊಟದ ಮೇಜಿನ ಒಂದು ತುದಿಯಲ್ಲಿ ಲ್ಯಾಪ್‌ಟಾಪ್ ತೆರೆದಿತ್ತು. ಇನ್ನೊಂದು ತುದಿಯಲ್ಲಿ ಹಳೇ ಪೇಪರ್ ಹಾಸಿ, ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು ಮಾವ ಹಲಸಿನ ಹಣ್ಣು ಬಿಡಿಸುತ್ತಿದ್ದರು. ಬಾಂಬೆ ಹೈ ತೈಲಕ್ಷೇತ್ರದಲ್ಲಿ ಪೈಪ್ ಫಿಟ್ಟರ್ ಆಗಿ ಶುರುಮಾಡಿ, ಅಬುಧಾಬಿಯಲ್ಲಿ ಫೋರ್‌ಮನ್ ಆಗಿ ಮುಗಿಸಿದವರು. ಅಕ್ಕನ ಮಗಳು ಬೆಂಗಳೂರಿನ ಒಂದು ಡಿಸೈನ್ ಆಫೀಸಿನಲ್ಲಿ ಪೈಪಿಂಗ್ ಎಂಜಿನಿಯರ್. ಮೂರು ದಿನದ ರಜೆಗೆ ಬಂದವಳು ಸೋಮವಾರ ಕೊಡಬೇಕಾದ ಕೆಲಸವನ್ನೂ ಹೊತ್ತು ತಂದಿದ್ದಳು.

"ಬಳೆಯ ಹಾಗೇ ಮಾವ, ಉಕ್ಕಿನ ಸೀಲ್ ರಿಂಗ್. ನಾರ್ವೆ ಕಡೆಯ ಸಮುದ್ರದ ಒಂದು ತೈಲ ಪ್ಲಾಟ್‌ಫಾರ್ಮಿನ ಕೆಲಸ. ಒತ್ತಡ ಜಾಸ್ತಿ ಇರುವ ಲೈನುಗಳಿಗೆ ಮಾಮೂಲಿ ಫ್ಲೇಂಜ್ ಬೇಡ, ಕಾಂಪ್ಯಾಕ್ಟ್ ಫ್ಲೇಂಜ್ ಅಥವಾ ಕ್ಲ್ಯಾಂಪ್ ನೋಡಿ ಅಂತ ಕ್ಲೈಂಟ್ ಹೇಳಿದ್ದಾರೆ. ಲೈನ್ ಲಿಸ್ಟಿನಲ್ಲಿ ಈ ಒಂದು ಕಾಲಂ ಖಾಲಿ ಉಂಟು. ಯಾವ ಲೈನಿಗೆ ಯಾವ ಜಾಯಿಂಟ್ ಅಂತ ತುಂಬಿಸಬೇಕು."

"ಮಾಮೂಲಿ ಫ್ಲೇಂಜ್ ಎಂತ ಪಾಪ ಮಾಡಿತು?"

"ಭಾರ. ಎಂಟು ಇಂಚಿನ 1500 ಕ್ಲಾಸ್ ಒಂದೇ ಒಂದು ಫ್ಲೇಂಜ್ ಒಂದೂಕಾಲು ಕ್ವಿಂಟಲ್ ಹತ್ತಿರ ಬರ್ತದೆ. ಜೋಡಿ ಎರಡೂವರೆ. ಹನ್ನೆರಡು ಇಂಚಿನ 2500 ಕ್ಲಾಸ್ ಆದ್ರೆ ಒಂದೇ ಏಳು ಕ್ವಿಂಟಲ್ ಮೀರ್ತದೆ. ಸಮುದ್ರದ ಮೇಲೆ ಒಂದು ಟನ್ ಪೈಪ್ ಹೆಚ್ಚಾದ್ರೆ ಅದನ್ನು ಹೊರುವ ತೊಲೆ, ಕಾಲು ಎಲ್ಲ ಹೆಚ್ಚು ಬೇಕು."

"ಆ ಏಳು ಕ್ವಿಂಟಲಿನದ್ದು ನನಗೆ ಗೊತ್ತುಂಟು. ಎರಡೂಮುಕ್ಕಾಲು ಇಂಚಿನ ಸ್ಟಡ್ ಬೋಲ್ಟು, ಹನ್ನೆರಡು. ಚೈನ್ ಬ್ಲಾಕ್ ಇಲ್ಲದೆ ಒಂದನ್ನೂ ಅಲ್ಲಾಡಿಸ್ಲಿಕ್ಕೆ ಆಗುವುದಿಲ್ಲ," ಎಂದರು ಮಾವ. ಅವರ ಬಲಭುಜದ ನೋವಿಗೆ ಆ ಸ್ಟಡ್ಡುಗಳೇ ಕಾರಣವೆಂದು ಮನೆಯಲ್ಲಿ ಎಲ್ಲರೂ ನಂಬಿದ್ದಾರೆ.

ಇಲ್ಲಿ ಓದುಗರಿಗೆ ಒಂದು ಮಾತು. ಫ್ಲೇಂಜ್ ಎಂದರೆ ಪೈಪಿನ ತುದಿಗಿರುವ ದಪ್ಪ ಬಿಲ್ಲೆ; ಅಂಥ ಎರಡು ಬಿಲ್ಲೆಗಳ ನಡುವೆ ಸೋರದಂತೆ ಗ್ಯಾಸ್ಕೆಟ್ ಅಥವಾ ರಿಂಗ್ ಇಟ್ಟು ಸುತ್ತ ಬೋಲ್ಟು ಬಿಗಿಯುತ್ತಾರೆ. 1500 ಕ್ಲಾಸ್ ಎಂದರೆ 1500 ಪೌಂಡ್ ಒತ್ತಡ ಅಲ್ಲ, ಅದೊಂದು ದರ್ಜೆಯ ಹೆಸರು. ಅಮೆರಿಕದ ಎಎಸ್‌ಎಂಇ ಬಿ16.5 ಎಂಬ ಮಾನಕದ ಪ್ರಕಾರ, ಸಾಮಾನ್ಯ ಕಾರ್ಬನ್ ಉಕ್ಕಿನ 1500 ಕ್ಲಾಸ್ ಫ್ಲೇಂಜ್ ಹೊರಗಿನ ಹವೆಯ ಬಿಸಿಯಲ್ಲಿ 255 ಬಾರ್ ತಡೆಯುತ್ತದೆ. ಲಾರಿ ಟೈರಿನಲ್ಲಿರುವುದು ಎಂಟು ಬಾರ್ ಆಸುಪಾಸು. ಅದೇ ಫ್ಲೇಂಜನ್ನು 400 ಡಿಗ್ರಿಗೆ ಕಾಯಿಸಿದರೆ ಅದರ ಯೋಗ್ಯತೆ 174 ಬಾರಿಗೆ ಇಳಿಯುತ್ತದೆ. ಹೆಸರು ಮಾತ್ರ 1500 ಆಗಿಯೇ ಉಳಿಯುತ್ತದೆ.

"ಅಷ್ಟು ಭಾರ ಎಂತಕ್ಕೆ ಬೇಕಾಯಿತು ಅಂತ ಯಾವಾಗಲಾದರೂ ಯೋಚಿಸಿದ್ದೀರಾ ಮಾವ?"

"ಒತ್ತಡ ಜಾಸ್ತಿ, ಕಬ್ಬಿಣ ಜಾಸ್ತಿ. ಇದರಲ್ಲಿ ಯೋಚಿಸ್ಲಿಕ್ಕೆ ಎಂತ ಉಂಟು?"

ಅವಳು ಪೇಪರಿನ ಅಂಚು ಎಳೆದುಕೊಂಡಳು. "ಎಂಟು ಇಂಚಿನ ಆ ಫ್ಲೇಂಜನ್ನೇ ತೆಗೊಳ್ಳುವ. ರಿಂಗ್ ಜಾಯಿಂಟಿನ ರಿಂಗ್ ಕೂರುವ ಸುತ್ತಿನ ಅಗಲ 270 ಮಿಲಿಮೀಟರ್. ಅಲ್ಲಿವರೆಗೂ ಒತ್ತಡ ನುಗ್ತದೆ. ಹಾಗಾಗಿ ಎರಡು ಫ್ಲೇಂಜುಗಳನ್ನು ಬೇರೆ ಮಾಡ್ಲಿಕ್ಕೆ ಒಳಗಿನ 255 ಬಾರ್ ಗ್ಯಾಸ್ ದೂಡುವ ಬಲ ಸುಮಾರು 150 ಟನ್. ಅದೇ ರಿಂಗನ್ನು ಪೈಪಿನ ಬಾಯಿಯ ಹತ್ತಿರಕ್ಕೆ, 200 ಮಿಲಿಮೀಟರಿಗೆ ತಂದರೆ ಎಷ್ಟು ಹೇಳಿ?"

"ನೂರು?"

"ಎಂಬತ್ತೆರಡು."

ಮಾವನ ಕೈ ಹಲಸಿನ ಗೂಂಜಿನ ಮೇಲೆಯೇ ನಿಂತಿತು. ಲೈನಿನೊಳಗಿನ ಒತ್ತಡ ಒಂದೇ, ಪೈಪೂ ಅದೇ. ಸೀಲನ್ನು ಏಳು ಸೆಂಟಿಮೀಟರ್ ಕಿರಿದಾದ ಸುತ್ತಿಗೆ ತಂದದ್ದಕ್ಕೆ ಬಲ ಅರ್ಧದ ಹತ್ತಿರಕ್ಕೆ ಇಳಿಯಿತು. ಮೂವತ್ತು ವರ್ಷ ತಿರುಗಿಸಿದ ನಟ್ಟುಗಳಲ್ಲಿ ಅರ್ಧ ಪಾಲು ವೃಥಾ ಎಂದು ಊಟದ ಮೇಜಿನಲ್ಲಿ ಕೇಳುವುದು ಯಾರಿಗೂ ಸುಖದ ಸಂಗತಿಯಲ್ಲ.

"ಇನ್ನೊಂದು ಉಂಟು," ಅವಳು ಬಿಡಲಿಲ್ಲ. "ಬೋಲ್ಟಿನ ಸಾಲು ಇರುವುದು 394 ಮಿಲಿಮೀಟರ್ ಅಗಲದ ಸುತ್ತಿನಲ್ಲಿ. ರಿಂಗ್ ಒಳಗೆ, ಬೋಲ್ಟ್ ದೂರ. ಬಿಗಿ ಮಾಡಿದಷ್ಟೂ ಫ್ಲೇಂಜಿನ ಅಂಚು ಬಾಳೆಲೆಯ ತುದಿಯ ಹಾಗೆ ಬಗ್ಗಲಿಕ್ಕೆ ನೋಡ್ತದೆ. ಬಗ್ಗಬಾರದು ಅಂತಲೇ ಅದಕ್ಕೆ 92 ಮಿಲಿಮೀಟರ್ ದಪ್ಪ ಕೊಟ್ಟದ್ದು. ಭಾರ ಬಂದದ್ದು ಅಲ್ಲಿಂದ."

"ನಿನ್ನ ಕಾಂಪ್ಯಾಕ್ಟ್‌ನಲ್ಲಿ?"

"ಬೋಲ್ಟುಗಳನ್ನು ಪೈಪಿನ ಗೋಡೆಗೆ ಅಂಟಿಸಿದ ಹಾಗೆ ಹತ್ತಿರ ತಂದಿದ್ದಾರೆ. ಮಧ್ಯದಲ್ಲಿ ಗ್ಯಾಸ್ಕೆಟ್ ಇಲ್ಲ, ಉಕ್ಕಿನ ಮುಖಕ್ಕೆ ಉಕ್ಕಿನ ಮುಖ. ಸೀಲ್ ಮಾಡುವ ರಿಂಗ್ ಒಂದು ತೋಡಿನೊಳಗೆ ಕೂರ್ತದೆ. ಇದಕ್ಕೆ ಐಎಕ್ಸ್ ರಿಂಗ್ ಅಂತ ಹೆಸರು. ಈ ಫ್ಲೇಂಜ್ ಮೊದಲು ನಾರ್ವೆಯವರ ನಾರ್ಸಾಕ್ ಎಲ್-005 ಅನ್ನುವ ಮಾನಕದಲ್ಲಿತ್ತು, 2012ರಲ್ಲಿ ಐಎಸ್‌ಒ 27509 ಆಯಿತು."

"ಮುಖಕ್ಕೆ ಮುಖ ಹೇಗೆ ಸಮ ಕೂರ್ತದೆ? ಅಷ್ಟು ಸಪಾಟು ಯಾವ ಲೇತಿನಲ್ಲೂ ಬರುವುದಿಲ್ಲ."

ಫಿಟ್ಟರ್ ಕೇಳಬೇಕಾದ ಪ್ರಶ್ನೆ ಅದೇ. ಕಾಂಪ್ಯಾಕ್ಟ್ ಫ್ಲೇಂಜಿನ ಜಾಣತನವೂ ಅಲ್ಲಿಯೇ ಇರುವುದು: ಅದರ ಮುಖ ಸಪಾಟಾಗಿಲ್ಲ. ಪೈಪಿನ ಬಾಯಿಯಿಂದ ಹೊರ ಅಂಚಿಗೆ ಬರಿಗಣ್ಣಿಗೆ ಕಾಣದಷ್ಟು ಇಳಿಜಾರು ಕೊಟ್ಟಿರುತ್ತಾರೆ. ಎರಡು ಫ್ಲೇಂಜ್ ಸೇರಿಸಿದಾಗ ಮೊದಲು ತಾಗುವುದು ಹಿಮ್ಮಡಿ ಎನ್ನುವ ಒಳ ಅಂಚು, ಹೊರ ಅಂಚಿನಲ್ಲಿ ಒಂದು ಸಣ್ಣ ಸಂದು ಉಳಿಯುತ್ತದೆ. ಬೋಲ್ಟ್ ಬಿಗಿಯಾಗುತ್ತ ಹೋದಂತೆ ಆ ಸಂದು ಮುಚ್ಚಿಕೊಳ್ಳುತ್ತದೆ. ಆಮೇಲೆ ಒಳಗೂ ಹೊರಗೂ ಲೋಹ ಲೋಹಕ್ಕೆ ಕಚ್ಚಿಕೊಂಡಿರುತ್ತದೆ. ರಿಂಗ್ ನಡುವೆ ಸುರಕ್ಷಿತ, ಹೊರಗಿನ ಉಪ್ಪುನೀರೂ ಅದನ್ನು ಮುಟ್ಟುವುದಿಲ್ಲ. ಬೋಲ್ಟಿನ ಬಲವೆಲ್ಲ ಈ ಕಚ್ಚಿಕೊಂಡ ಮುಖಗಳಿಗೆ ಹೋಗಿರುವುದರಿಂದ, ಪೈಪು ನಡುಗಿದರೂ ಒತ್ತಡ ಏರಿಳಿದರೂ ಬೋಲ್ಟಿಗೆ ಹೆಚ್ಚು ತಿಳಿಯುವುದಿಲ್ಲ.

"ಹಾಗಾದ್ರೆ ಸಂದು ಮುಚ್ಚಿದ್ರೆ ಕೆಲಸ ಮುಗಿಯಿತು. ಫೀಲರ್ ಗೇಜ್ ಹಾಕಿ ನೋಡಿದ್ರಾಯ್ತು," ಎಂದರು ಮಾವ. ಧ್ವನಿಯಲ್ಲಿ ಮೊದಲ ಸಲ ಆಸೆ.

"ಮುಚ್ಚದಿದ್ರೆ ಕೆಲಸ ಆಗಿಲ್ಲ ಅಂತ ಖಂಡಿತ. ಮುಚ್ಚಿದ್ರೆ ಪೂರ್ತಿ ಆಯಿತು ಅಂತಲ್ಲ. ಸಂದು ಮುಚ್ಚಿದ ಮೇಲೂ ಬೋಲ್ಟನ್ನು ಎಳೆಯಲಿಕ್ಕುಂಟು. ದೊಡ್ಡದಕ್ಕೆಲ್ಲ ಹೈಡ್ರಾಲಿಕ್ ಟೆನ್ಷನರ್ ಬೇಕು."

"ಸುತ್ತಿಗೆ ಸ್ಪ್ಯಾನರಿನಲ್ಲಿ ಆಗುವುದಿಲ್ಲ?"

"ಆಗುವುದಿಲ್ಲ ಮಾವ."

ಮಾವ ಸ್ವಲ್ಪ ಹೊತ್ತು ಸುಮ್ಮನೆ ತೊಳೆ ಬಿಡಿಸಿದರು. ಆಮೇಲೆ ತಲೆ ಎತ್ತದೆಯೇ ಹೇಳಿದರು: "ನೋಡು, ಆ ಹಳೇ ಫ್ಲೇಂಜ್ ದಡ್ಡನೇ. ಆದರೆ ಕ್ಷಮಿಸುವ ದಡ್ಡ. ಲೈನ್ ಸ್ವಲ್ಪ ಓರೆ ಇದ್ರೂ ಹಾರೆ ಹಾಕಿ ಎಬ್ಬಿಸಿ ಕೂರಿಸ್ತೇವೆ. ಮುಖದಲ್ಲಿ ಸಣ್ಣ ಗೀರು ಇದ್ರೂ ಸ್ಪೈರಲ್ ಗ್ಯಾಸ್ಕೆಟ್ ನುಂಗ್ತದೆ. ಎದುರುಬದುರು ಬೋಲ್ಟ್ ಹಿಡಿದು ಮೊದಲು ಮೂವತ್ತು ಪರ್ಸೆಂಟ್, ಆಮೇಲೆ ಎಪ್ಪತ್ತು, ಆಮೇಲೆ ನೂರು, ಕೊನೆಗೆ ಸುತ್ತು ಬಿಗಿ. ಇದನ್ನು ಎಂಟನೇ ಕ್ಲಾಸ್ ಓದಿದ ಹುಡುಗನಿಗೂ ಒಂದು ವಾರದಲ್ಲಿ ಕಲಿಸ್ತೇನೆ. ನಿನ್ನ ಈ ಬಳೆ ಕೂರುವ ಜಾಗಕ್ಕೆ ಒಂದು ಗ್ರೈಂಡಿಂಗ್ ಚೂರು ಬಿದ್ರೆ?"

"ಸೋರ್ತದೆ."

"ಹ್ಞಾ."

ಈ ಸುತ್ತಿನಲ್ಲಿ ಮಾವ ಗೆದ್ದರು ಎನ್ನಬೇಕು. ಕ್ಯಾಟಲಾಗಿನಲ್ಲಿ ತೂಕದ ಕೋಷ್ಟಕ ಇರುತ್ತದೆ, ಕ್ಷಮೆಯ ಕೋಷ್ಟಕ ಇರುವುದಿಲ್ಲ. ಲೋಹ ಕಡಿಮೆಯಾದಷ್ಟೂ ಜವಾಬ್ದಾರಿ ಲೇತಿನವನ ಕಡೆಗೆ, ಸ್ಟೋರ್‌ಕೀಪರನ ಕಡೆಗೆ, ಮುಖದ ಮೇಲಿನ ಮುಚ್ಚಳವನ್ನು ಕೊನೆಯ ಗಳಿಗೆವರೆಗೂ ತೆಗೆಯದೆ ಇಡುವ ಹೆಲ್ಪರನ ಕಡೆಗೆ ಜಾರುತ್ತದೆ.

ಅಡುಗೆಮನೆಯಲ್ಲಿ ಕುಕ್ಕರ್ ಮೂರನೆಯ ಸೀಟಿ ಹಾಕಿತು. ಅವಳಿಗೆ ಅದೇ ಬೇಕಾಗಿತ್ತು.

"ನಿಮ್ಮ ಮನೆಯದ್ದು ಒಳಮುಚ್ಚಳದ ಕುಕ್ಕರ್ ಅಲ್ವಾ ಮಾವ? ಉಗಿ ಹೆಚ್ಚಾದಷ್ಟೂ ಮುಚ್ಚಳವನ್ನು ಒಳಗಿನಿಂದ ಅಂಚಿಗೆ ಒತ್ತಿ ಹಿಡೀತದೆ. ಒತ್ತಡವೇ ಅದಕ್ಕೆ ಬೀಗ. ಈ ರಿಂಗುಗಳದ್ದೂ ಅದೇ ವಿದ್ಯೆ. ಮಾಮೂಲಿ ಗ್ಯಾಸ್ಕೆಟಿಗೆ ಒತ್ತಡ ಶತ್ರು, ಈ ರಿಂಗಿಗೆ ಒತ್ತಡ ಸಹಾಯ. ಕ್ಲ್ಯಾಂಪಿನಲ್ಲಿ ಇದು ಇನ್ನೂ ಚಂದ ಕಾಣ್ತದೆ, ನೋಡಿ."

ಪರದೆಯ ಮೇಲೆ ಕ್ಲ್ಯಾಂಪಿನ ಅಡ್ಡಕೊಯ್ತದ ಚಿತ್ರ ಬಂತು. ಎರಡು ಪೈಪುಗಳ ತುದಿಗೂ ವೆಲ್ಡ್ ಮಾಡಿದ ದಪ್ಪ ಕುತ್ತಿಗೆಯ ಹಬ್. ನಡುವೆ ಟಿ ಅಕ್ಷರದ ಕೊಯ್ತದ ರಿಂಗ್: ಟಿಯ ಕಾಲು ಎರಡು ಹಬ್‌ಗಳ ಮಧ್ಯೆ ಸಿಕ್ಕಿಕೊಂಡಿರುತ್ತದೆ, ಟಿಯ ಎರಡು ತೋಳು ಎರಡೂ ಕಡೆ ಹಬ್ಬಿನ ಬಾಯೊಳಗೆ ತುಟಿಯಂತೆ ಚಾಚಿ ಒಳಗೋಡೆಗೆ ಒತ್ತಿಕೊಂಡಿರುತ್ತವೆ. ಹೊರಗಿನಿಂದ ಎರಡು ಹೋಳಿನ ಕ್ಲ್ಯಾಂಪು. ಒಟ್ಟು ನಾಲ್ಕೇ ಬೋಲ್ಟ್.

"ನಾಲ್ಕು ಬೋಲ್ಟಿಗೆ ಎಂಬತ್ತು ಟನ್ನಾ!"

"ಬೋಲ್ಟು ಪೈಪನ್ನು ಎಳೆಯುವುದೇ ಇಲ್ಲ ಮಾವ. ಬೋಲ್ಟ್ ಇರುವುದು ಅಡ್ಡಕ್ಕೆ. ಕ್ಲ್ಯಾಂಪಿನ ಒಳಮೈ, ಹಬ್ಬಿನ ಭುಜ ಎರಡೂ ಓರೆ. ಬೋಲ್ಟ್ ಬಿಗಿದ ಹಾಗೆ ಬೆಣೆ ಹೊಡೆದಂತೆ ಎರಡು ಹಬ್ ಹತ್ತಿರ ಬರ್ತವೆ. ಪೈಪನ್ನು ಹಿಡಿದುಕೊಳ್ಳುವುದು ಕ್ಲ್ಯಾಂಪು, ಕ್ಲ್ಯಾಂಪನ್ನು ಹಿಡಿದುಕೊಳ್ಳುವುದು ಬೋಲ್ಟು. ಮತ್ತೆ ತೂತಿಗೆ ತೂತು ಹೊಂದಿಸುವ ಗೋಳಿಲ್ಲ. ಪೈಪನ್ನು ಎಷ್ಟು ಬೇಕಾದ್ರೂ ತಿರುಗಿಸಿ ಕೂರಿಸಬಹುದು."

"ಕ್ಲ್ಯಾಂಪು ನಾನು ಕಟ್ಟಿದ್ದೇನೆ. ಬಿಗಿ ಮಾಡ್ತಾ ಮಾಡ್ತಾ ಮರದ ಸುತ್ತಿಗೆಯಲ್ಲಿ ಕ್ಲ್ಯಾಂಪಿನ ಬೆನ್ನಿಗೆ ಬಡೀಬೇಕು, ಆಗ ಅದು ಇನ್ನೊಂಚೂರು ಕೂರ್ತದೆ. ಕೂತ ಕೂಡಲೇ ಬೋಲ್ಟ್ ಸಡಿಲ ಆದದ್ದು ಗೊತ್ತಾಗ್ತದೆ, ಪುನಃ ಬಿಗಿ ಮಾಡಬೇಕು. ಅದು ನಿನ್ನ ಡ್ರಾಯಿಂಗಿನಲ್ಲಿ ಉಂಟಾ?"

ಡ್ರಾಯಿಂಗಿನಲ್ಲಿ ಇರಲಿಲ್ಲ. ತಯಾರಕರ ಕೈಪಿಡಿಯಲ್ಲಿ ಇತ್ತು. ಓರೆ ಮೈಗಳ ನಡುವಿನ ಘರ್ಷಣೆ ಬಿಡಿಸಲು ಅದೇ ದಾರಿ ಎಂದು ಅವಳು ಓದಿ ತೋರಿಸಿದಳು. ಮಾವನಿಗೆ ಕೈಪಿಡಿಯ ಮೇಲೆ ಒಂದಿಷ್ಟು ಗೌರವ ಹುಟ್ಟಿತು. ಹೊಸ ರಿಂಗನ್ನು ಹಬ್ಬಿನ ಮೇಲಿಟ್ಟು ಬೆರಳಲ್ಲಿ ಒತ್ತಿದರೆ ಅದು ಸ್ವಲ್ಪ ತೂಗಾಡಬೇಕು, ತೂಗಾಡದೆ ಸಪಾಟಾಗಿ ಕೂತರೆ ಅದರ ತುಟಿಯ ಸತ್ವ ಹೋಗಿದೆ ಎಂಬ ಪರೀಕ್ಷೆಯನ್ನು ಅವರೇ ವಿವರಿಸಿದರು. ಸ್ಪೈರಲ್ ಗ್ಯಾಸ್ಕೆಟನ್ನು ಒಮ್ಮೆ ಒತ್ತಿದ ಮೇಲೆ ಬಿಸಾಡಲೇಬೇಕು. ಈ ರಿಂಗು ಪರೀಕ್ಷೆಯಲ್ಲಿ ಪಾಸಾದರೆ ಮತ್ತೊಮ್ಮೆ ಬಳಸಲು ಬರುತ್ತದೆ.

"ಕಟ್ಟುವುದು ಸುಲಭ," ಮಾವ ಮುಂದುವರಿಸಿದರು. "ಬಿಚ್ಚುವಾಗ ಜಾಗ್ರತೆ. ಒಂದು ಶಟ್‌ಡೌನಿನಲ್ಲಿ ಹೀಗಾಯಿತು. ಲೈನ್ ಖಾಲಿ ಅಂತ ಪರ್ಮಿಟ್ ಕೊಟ್ಟಿದ್ದಾರೆ. ಹುಡುಗ ನಾಲ್ಕೂ ನಟ್ ತೆಗೆದು ಜೇಬಿಗೆ ಹಾಕಿದ. ಕ್ಲ್ಯಾಂಪು ಬೀಳಲಿಲ್ಲ, ಹಬ್ಬಿಗೆ ಕಚ್ಚಿ ನಿಂತಿದೆ. ಸುತ್ತಿಗೆಯಲ್ಲಿ ಒಂದು ಬಿಟ್ಟ. ಒಳಗೆ ಒತ್ತಡ ಉಳಿದಿತ್ತು. ಅರ್ಧ ಕ್ಲ್ಯಾಂಪು ಹಾರಿ ಕಂಬಿ ಬಗ್ಗಿಸಿ ಆಚೆ ಬಿತ್ತು. ಹುಡುಗ ಎಡಗಡೆ ನಿಂತಿದ್ದ, ಅದು ಬಲಕ್ಕೆ ಹೋಯಿತು. ಅಷ್ಟೇ ವ್ಯತ್ಯಾಸ."

"ನಟ್ ನಾಲ್ಕು ಸುತ್ತು ಸಡಿಲ ಮಾಡಿ, ತೆಗೆಯದೆ, ಮೊದಲು ಕ್ಲ್ಯಾಂಪ್ ಅಲ್ಲಾಡಿಸಬೇಕಿತ್ತು."

"ಅದನ್ನೇ ಹೇಳುವುದು. ಹನ್ನೆರಡು ಬೋಲ್ಟಿನ ಫ್ಲೇಂಜ್ ಹಾಗಲ್ಲ. ನಮ್ಮಿಂದ ದೂರದ ಬೋಲ್ಟುಗಳನ್ನು ಮೊದಲು ಸಡಿಲ ಮಾಡಿದ್ರೆ ಆ ಕಡೆ ಸ್ವಲ್ಪ ಬಾಯಿ ಬಿಟ್ಟು ಬುಸ್ ಅಂತದೆ, ಉಳಿದವು ಹಿಡಕೊಂಡಿರ್ತವೆ. ಅದು ಮೊದಲು ಹೇಳಿ ಆಮೇಲೆ ಬೈಯ್ಯುವ ಜಾತಿ. ಕ್ಲ್ಯಾಂಪು ಹೇಳದೆ ಹೊಡಿಯುವ ಜಾತಿ."

ಅವಳು ಒಪ್ಪಿದಳು, ಪೂರ್ತಿಯಾಗಿ ಅಲ್ಲ. "ಫ್ಲೇಂಜೂ ಹೇಳದೆ ಹೊಡೆದದ್ದುಂಟಲ್ಲ ಮಾವ. ಪೈಪರ್ ಆಲ್ಫಾ?"

ಆ ಹೆಸರು ಬಂದ ಮೇಲೆ ಮೇಜಿನ ಮಾತಿನ ದನಿಯೇ ಇಳಿಯಿತು. 1988ರ ಜುಲೈ 6ರ ರಾತ್ರಿ ಸ್ಕಾಟ್ಲೆಂಡಿನ ಅಬರ್ಡೀನಿನಾಚೆಯ ಸಮುದ್ರದಲ್ಲಿ ಪೈಪರ್ ಆಲ್ಫಾ ಪ್ಲಾಟ್‌ಫಾರ್ಮ್ ಹೊತ್ತಿ ಉರಿದು 167 ಜನ ಸತ್ತರು. ಮಾವ ಆಗ ಬಾಂಬೆ ಹೈಯಲ್ಲಿ, ಮೂರನೆಯದೋ ನಾಲ್ಕನೆಯದೋ ವರ್ಷ. ಒಂದು ಕಂಡೆನ್ಸೇಟ್ ಪಂಪಿನ ಸೇಫ್ಟಿ ವಾಲ್ವನ್ನು ರಿಪೇರಿಗೆ ತೆಗೆದು, ತೆರೆದ ಬಾಯಿಗೆ ಬ್ಲೈಂಡ್ ಫ್ಲೇಂಜ್ ಕೂರಿಸಿದ್ದರು. ಅದು ಸೋರದಷ್ಟು ಬಿಗಿಯಾಗಿರಲಿಲ್ಲ. ಇನ್ನೊಂದು ಪಂಪು ನಿಂತುಹೋದಾಗ, ವಾಲ್ವ್ ಇಲ್ಲದ್ದು ತಿಳಿಯದ ರಾತ್ರಿ ಪಾಳಿಯವರು ಇದನ್ನು ಚಾಲೂ ಮಾಡಿದರು. ಲಾರ್ಡ್ ಕಲೆನ್ ನಡೆಸಿದ ವಿಚಾರಣೆಯ ವರದಿ 1990ರಲ್ಲಿ ಬಂತು, 106 ಶಿಫಾರಸುಗಳೊಂದಿಗೆ. ಸೋರಿದ್ದು ಲೆಕ್ಕ ತಪ್ಪಿದ ಫ್ಲೇಂಜ್ ಅಲ್ಲ. ತಾತ್ಕಾಲಿಕವೆಂದು ಕೂರಿಸಿದ ಫ್ಲೇಂಜ್, ಅದರ ಸುದ್ದಿಯೂ ಪಾಳಿಯಿಂದ ಪಾಳಿಗೆ ದಾಟಿರಲಿಲ್ಲ.

"ಆಮೇಲೆ ನಮಗೆ ಪ್ರತಿ ಜಾಯಿಂಟಿಗೂ ಟ್ಯಾಗ್ ಕಟ್ಲಿಕ್ಕೆ ಹೇಳಿದರು," ಎಂದರು ಮಾವ. "ಯಾರು ಬಿಗಿ ಮಾಡಿದ್ದು, ಯಾವಾಗ. ಮೊದಲು ಬೇಜಾರು ಬಂತು. ಆಯ್ತು, ನಿನ್ನ ಲಿಸ್ಟ್ ಓದು."

ಅವಳು ಓದಿದಳು. ಮೊದಲನೆಯದು ನಾಲ್ಕು ಇಂಚಿನ ಕೂಲಿಂಗ್ ವಾಟರ್, 150 ಕ್ಲಾಸ್. ಇದರ ಬಗ್ಗೆ ಚರ್ಚೆಯೇ ನಡೆಯಲಿಲ್ಲ. ಮಾಮೂಲಿ ಫ್ಲೇಂಜ್, ಎಂಟು ಬೋಲ್ಟ್, ಮುಂದಕ್ಕೆ. ಕಡಿಮೆ ದರ್ಜೆಯಲ್ಲಿ ಕಾಂಪ್ಯಾಕ್ಟ್ ಹಾಕಿ ಉಳಿಸುವ ತೂಕ, ಅದರ ಖರ್ಚಿನ ಮುಂದೆ ಏನೂ ಅಲ್ಲ.

ಎರಡನೆಯದು ಕಂಪ್ರೆಸರಿನಿಂದ ಹೊರಡುವ ಎಂಟು ಇಂಚಿನ 1500 ಕ್ಲಾಸ್ ಗ್ಯಾಸ್ ಲೈನ್. ಜಾಯಿಂಟುಗಳು ಹಲವು, ನಡುಕ ನಿರಂತರ. "ಇದಕ್ಕೆ ನಿನ್ನ ಕಾಂಪ್ಯಾಕ್ಟ್ ಸರಿ," ಎಂದು ಮಾವನೇ ಹೇಳಿದರು. ನಡುಗುವ ಲೈನಿನಲ್ಲಿ ಸ್ಟಡ್ಡು ದಣಿದು ತುಂಡಾದದ್ದನ್ನು ಅವರು ಕೈಯಲ್ಲಿ ಹಿಡಿದು ನೋಡಿದ್ದಾರೆ.

"ವಾಲ್ವುಗಳು?"

"ಕಾಂಪ್ಯಾಕ್ಟ್ ತುದಿ ಇಟ್ಟೇ ಮಾಡಿಸಬೇಕು. ಈ ಫ್ಲೇಂಜ್ ಹಳೇ ಫ್ಲೇಂಜಿಗೆ ಸೇರುವುದಿಲ್ಲ."

"ಹಾಗಾದ್ರೆ ಆರ್ಡರ್ ಈಗಲೇ ಹಾಕು. ರಿಂಗು ಹೆಚ್ಚಿಗೆ ತರಿಸು. ಸ್ಪೈರಲ್ ಗ್ಯಾಸ್ಕೆಟ್ ಮುಗಿದ್ರೆ ಮುಂಬೈಯ ನಾಗ್‌ದೇವಿ ಸ್ಟ್ರೀಟಿಗೆ ಒಬ್ಬನನ್ನು ಓಡಿಸಿದ್ರೆ ಸಂಜೆಗೆ ಬರ್ತದೆ. ಇದು ಬರುವುದಿಲ್ಲ."

ಕ್ಲ್ಯಾಂಪಿಗೆ ಈ ತೊಂದರೆ ಇನ್ನೂ ಹೆಚ್ಚು. ಕಾಂಪ್ಯಾಕ್ಟ್ ಫ್ಲೇಂಜಿಗೆ ಐಎಸ್‌ಒ ಅಳತೆಗಳಾದರೂ ಇವೆ. ಕ್ಲ್ಯಾಂಪಿನ ಲೆಕ್ಕ ಹಾಕುವ ಕ್ರಮ ಒತ್ತಡದ ಪಾತ್ರೆಗಳ ಅಮೆರಿಕನ್ ಕೋಡಿನ 24ನೇ ಅನುಬಂಧದಲ್ಲಿದೆ, ಆದರೆ ಹಬ್ಬಿನ ಮತ್ತು ರಿಂಗಿನ ಆಕಾರ ಬಹುತೇಕ ಆಯಾ ತಯಾರಕರದ್ದು. ಒಬ್ಬರ ಹಬ್ಬಿಗೆ ಇನ್ನೊಬ್ಬರ ಕ್ಲ್ಯಾಂಪ್ ಹಾಕಿ ನೋಡೋಣ ಎನ್ನುವುದು ಸೈಟಿನಲ್ಲಿ ರಾತ್ರಿ ಎರಡು ಗಂಟೆಗೆ ಹುಟ್ಟುವ ಯೋಚನೆ, ಅಪಾಯದ ಯೋಚನೆ.

ಮೂರನೆಯದು ಬಿಸಿ ಎಣ್ಣೆಯ ಲೈನ್, 280 ಡಿಗ್ರಿ. ಅವಳು ಅದಕ್ಕೂ ಕಾಂಪ್ಯಾಕ್ಟ್ ಎಂದು ಬರೆದಿದ್ದಳು, ಓದುತ್ತಿದ್ದಂತೆ ಅವಳಿಗೇ ಹೊಳೆದು ಅಳಿಸಿದಳು. ಐಎಸ್‌ಒ 27509ರ ವ್ಯಾಪ್ತಿ ಮೈನಸ್ 196ರಿಂದ 250 ಡಿಗ್ರಿವರೆಗೆ ಮಾತ್ರ. ಅದರಾಚೆ ಹೋದರೆ ಮಾನಕದ ಬಲ ಇರುವುದಿಲ್ಲ, ಬೇರೆಯೇ ಲೆಕ್ಕ ತೋರಿಸಬೇಕಾಗುತ್ತದೆ.

ನಾಲ್ಕನೆಯದರಲ್ಲಿ ಜಗಳ ಹತ್ತಿತು. ಇಕ್ಕಟ್ಟಿನ ಮೂಲೆಯಲ್ಲಿ ಒಂದು ಸ್ಟ್ರೈನರ್, ವರ್ಷಕ್ಕೆ ನಾಲ್ಕೈದು ಸಲ ಬಿಚ್ಚಿ ತೊಳೆಯಬೇಕಾದದ್ದು. ಅವಳ ಆಯ್ಕೆ ಕ್ಲ್ಯಾಂಪ್: ನಾಲ್ಕು ಬೋಲ್ಟ್, ಅರ್ಧ ಗಂಟೆಯ ಕೆಲಸ, ಸುತ್ತ ಹನ್ನೆರಡು ಕಡೆ ಸ್ಪ್ಯಾನರ್ ತಿರುಗಿಸುವ ಜಾಗವೂ ಬೇಡ.

"ಬಿಚ್ಚುವುದು ಸರಿ. ರಿಂಗಿನ ತುಟಿ ಎರಡೂ ಹಬ್ಬಿನ ಒಳಗೆ ಹೋಗಿದೆ ಅಂತ ನೀನೇ ತೋರಿಸಿದೆ. ಅದನ್ನು ಹೊರಗೆ ತೆಗೀಲಿಕ್ಕೆ ಪೈಪು ಎಷ್ಟು ಹಿಂದೆ ಸರಿಯಬೇಕು?"

ಅವಳು ಡ್ರಾಯಿಂಗ್ ತೆರೆದಳು. ಸ್ಟ್ರೈನರಿನ ಒಂದು ಕಡೆ ವಾಲ್ವು, ಇನ್ನೊಂದು ಕಡೆ ಗಟ್ಟಿಯಾಗಿ ಆ್ಯಂಕರ್ ಮಾಡಿದ ಸಪೋರ್ಟ್. ಪೈಪಿಗೆ ಒಂದು ಬೆರಳಿನಷ್ಟೂ ಸರಿಯಲು ದಾರಿ ಇರಲಿಲ್ಲ. ಮಾದರಿಯಲ್ಲಿ ಎಲ್ಲವೂ ಚೆಂದ ಕೂತಿತ್ತು, ಏಕೆಂದರೆ ಕಂಪ್ಯೂಟರಿನಲ್ಲಿ ರಿಂಗನ್ನು ಯಾರೂ ಹೊರಗೆ ಎಳೆಯುವುದಿಲ್ಲ.

"ಆ ಆ್ಯಂಕರನ್ನು ಬೆಂಡಿನ ಆಚೆಗೆ ದೂಡಿದ್ರೆ?" ಎಂದಳು.

"ದೂಡು. ಆಗ ಕ್ಲ್ಯಾಂಪ್ ಹಾಕು, ನನ್ನದೇನೂ ತಕರಾರಿಲ್ಲ. ಐದನೆಯದ್ದು ಓದು."

ಐದನೆಯದು ಸುಮಾರು ಹದಿನೈದು ಮೀಟರಿನ ನೇರ ಲೈನು, ನಡುವೆ ಒಂದು ಜೋಡಿ ಫ್ಲೇಂಜ್. ಕಾಂಪ್ಯಾಕ್ಟ್ ಒಳ್ಳೆಯದೋ ಕ್ಲ್ಯಾಂಪೋ ಎಂದು ಅವಳು ಎರಡು ದಿನ ತೂಗಿ ನೋಡಿದ್ದಳು.

"ಇಲ್ಲಿ ಎಂತ ಬಿಚ್ಲಿಕ್ಕುಂಟು?"

"ಬಿಚ್ಚುವುದು... ಎಂತದೂ ಇಲ್ಲ."

"ಮತ್ತೆ ಜಾಯಿಂಟ್ ಎಂತಕ್ಕೆ?"

ಅವಳು ಡ್ರಾಯಿಂಗಿನ ಹಳೆಯ ಆವೃತ್ತಿಗಳನ್ನು ಹುಡುಕಿದಳು. ಮೊದಲ ಆವೃತ್ತಿಯಲ್ಲಿ ಅಲ್ಲೊಂದು ಮೀಟರ್ ಇತ್ತು. ಮೀಟರನ್ನು ಬೇರೆ ಕಡೆಗೆ ಒಯ್ದಿದ್ದರು, ಫ್ಲೇಂಜುಗಳು ಮಾತ್ರ ಅಲ್ಲೇ ಉಳಿದುಬಿಟ್ಟಿದ್ದವು. ಅವಳು ಕಾಲಂನಲ್ಲಿ 'ವೆಲ್ಡ್' ಎಂದು ಹೊಡೆದಳು. ಮೊದಲ ಅಕ್ಷರಕ್ಕೇ ಕೀ ಅಂಟಿಕೊಂಡು ವವವವ ಎಂದು ಸಾಲು ತುಂಬಾ ಬಂತು. ಮಾತಿನ ನಡುವೆ ತಿಂದ ತೊಳೆಗಳ ಮೇಣ ಬೆರಳಿನಿಂದ ಕೀಲಿಮಣೆಗೆ ಹೋಗಿತ್ತು. ಮಾವ ತೆಂಗಿನೆಣ್ಣೆಯ ಬಟ್ಟಲನ್ನು ಅವಳ ಕಡೆಗೆ ಸರಿಸಿದರು.